ಹಳೇ ಕಾರಿನ ಆಯಸ್ಸು ಬರೆಯುವವರು ಯಾರು?

ಮೂವತ್ತು ನಲವತ್ತು ವರ್ಷದ ಹಿಂದೆ ನಮ್ಮ ಮಲೆನಾಡಿನ ಕಡೆ ಒಂದು ಕಾರಿಗೆ ಎಷ್ಟು ವಯಸ್ಸಾಯಿತು ಎಂದು ಕೇಳಿದರೆ ಯಾರೂ ಇಸವಿ ಹೇಳುತ್ತಿರಲಿಲ್ಲ. "ಒಂದು ಬೋರ್ ಆಗಿದೆ" ಎನ್ನುತ್ತಿದ್ದರು. ಇಲ್ಲದಿದ್ದರೆ "ಎರಡು ಬೋರ್ ಆಗಿದೆ, ಇನ್ನೊಂದಕ್ಕೆ ಜಾಗ ಇದೆ" ಎನ್ನುತ್ತಿದ್ದರು. ಇವತ್ತು ಅದೇ ಪ್ರಶ್ನೆ ಕೇಳಿದರೆ ಆರ್‌ಸಿ ಕಾರ್ಡ್ ತೆಗೆದು ಅದರ ಮೇಲಿನ ತಾರೀಖು ತೋರಿಸುತ್ತಾರೆ.

ಈ ವಿಷಯ ಈಗ ಬರೆಯಲು ಕಾರಣವಿದೆ. ಹದಿನೈದು ವರ್ಷ ದಾಟಿದ ಕಾರನ್ನು ಸರ್ಕಾರ ಎಳೆದುಕೊಂಡು ಹೋಗುತ್ತದೆ ಎಂಬ ಮಾತು ನಮ್ಮ ಊರುಗಳ ಸಂತೆ, ಸೊಸೈಟಿ, ಮದುವೆ ಮನೆಗಳಲ್ಲೆಲ್ಲ ಓಡಾಡುತ್ತಿದೆ. ಆ ಮಾತಿನ ಹಿಂದೆಯೇ ಬ್ರೋಕರುಗಳೂ ಓಡಾಡುತ್ತಿದ್ದಾರೆ. ಚೆನ್ನಾಗಿ ಓಡುವ ಮಾರುತಿ 800, ಓಮ್ನಿಗಳನ್ನು ಜನ ಹೆದರಿ ಗುಜರಿ ರೇಟಿಗೆ ಕೊಟ್ಟಿದ್ದನ್ನು ನಾವೇ ನೋಡಿದ್ದೇವೆ. ಹಳೇ ಕಾರನ್ನು ಇಟ್ಟುಕೊಳ್ಳುವುದೋ, ಬಿಡುವುದೋ, ಬಿಟ್ಟರೆ ಮುಂದೆ ಯಾವುದೋ ಎಂಬ ತೀರ್ಮಾನ ಮೊದಲು ಯಾರ ಕೈಲಿತ್ತು, ಅದು ಹೇಗೆ ಕೈ ಬದಲಾಯಿಸಿತು ಎಂದು ತಿಳಿದರೆ ಹೆದರಿಕೆ ಸ್ವಲ್ಪ ಕಡಿಮೆಯಾದೀತು.

ಕಥೆ ಶುರುವಾಗುವುದು ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರಿಂದ. 1930ರ ದಶಕದಲ್ಲಿ ಅವರು ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಹಟ ಹಿಡಿದು, ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ತಯಾರಿಸಿದರು. ಮುಂಬೈಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೆ ನಿಂತರು. ಬ್ರಿಟಿಷ್ ಸರ್ಕಾರ ಕೈ ಜೋಡಿಸಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು, ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕಾರ್ಖಾನೆ ಮಾತ್ರ ಮುಂಬೈಯ ಕುರ್ಲಾಕ್ಕೆ ಹೋಯಿತು. ವಿಮಾನ ಬಂದ ಊರಿಗೆ ಕಾರು ಬರಲಿಲ್ಲ!

ವಾಲ್‌ಚಂದ್ 1944ರಲ್ಲಿ ಶುರು ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂದೆ ಫಿಯೆಟ್ ಕಾರು ಮಾಡಿತು. ಅದಕ್ಕೂ ಮೊದಲು, 1942ರಲ್ಲಿ, ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಗುಜರಾತಿನ ಓಖಾ ಬಂದರಿನಲ್ಲಿದ್ದ ಅವರ ಕೆಲಸ 1948ರಲ್ಲಿ ಕಲ್ಕತ್ತಾ ಪಕ್ಕದ ಉತ್ತರಪಾರಾಕ್ಕೆ ಸ್ಥಳಾಂತರವಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ನಕ್ಷೆ ತಂದು ಅವರು ಮಾಡಿದ್ದೇ ಲ್ಯಾಂಡ್‌ಮಾಸ್ಟರ್, ಆಮೇಲೆ 1950ರ ದಶಕದ ಕೊನೆಗೆ ಅಂಬಾಸಿಡರ್. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಮೂರನೆಯ ಕಂಪನಿ ಇತ್ತು. ಹೊರಗಿನಿಂದ ಭಾಗ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್‌ಗೆ ಸರ್ಕಾರ, ಪೂರ್ತಿ ಇಲ್ಲೇ ತಯಾರಿಸುವುದಾದರೆ ಇರಿ ಎಂದಿತು. 1954ರ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಿದರು.

ಅಲ್ಲಿಂದ ಸುಮಾರು ಮೂವತ್ತು ವರ್ಷ ಇಡೀ ದೇಶಕ್ಕೆ ಇದ್ದದ್ದು ಈ ಮೂರೇ ಮನೆಯ ಕಾರು. ಎಷ್ಟು ಮಾಡಬೇಕು ಎಂದು ಲೈಸೆನ್ಸ್ ಹೇಳುತ್ತಿತ್ತು, ಯಾರಿಗೆ ಮಾರಬೇಕು ಎಂದು 1959ರ ಆದೇಶ ಹೇಳುತ್ತಿತ್ತು, 1969ರಲ್ಲಿ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟ್ ಹತ್ತಿದವು. 1980ರ ದಶಕ ಶುರುವಾದಾಗಲೂ ಇಡೀ ಭಾರತದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರು 50,000 ಮುಟ್ಟಿರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ತಪ್ಪಿಸಿಕೊಳ್ಳಲು ಜನ ಸೆಕೆಂಡ್ ಹ್ಯಾಂಡ್ ಫಿಯೆಟ್‌ಗೆ ಹೊಸದಕ್ಕಿಂತ ಹೆಚ್ಚು ಕೊಟ್ಟದ್ದೂ ಉಂಟು.

ಈಗ ಯೋಚಿಸಿ. ಅಂಥ ಕಾಲದಲ್ಲಿ ಮನೆಯಲ್ಲಿದ್ದ ಕಾರು ಹಳತಾದರೆ ಏನು ಮಾಡುವುದು? ಮುಂದೆ ಯಾವ ಕಾರು ಎಂಬ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಮುಂದಿನ ಕಾರು ಎಂದರೆ ಅದೇ ಕಾರು, ಇನ್ನೊಂದು ಸಲ ರಿಪೇರಿ ಮಾಡಿಸಿದ್ದು.

ಅದಕ್ಕೇ ಗ್ಯಾರೇಜಿನ ಮೇಸ್ತ್ರಿಗೆ ಆ ಗೌರವ ಬಂದದ್ದು. ಬೋರ್ ಎಂದರೇನು ಎಂದು ಇವತ್ತಿನ ಹುಡುಗರಿಗೆ ಹೇಳಬೇಕಾಗುತ್ತದೆ. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಗೆ ಸಿಲಿಂಡರ್ ಎನ್ನುತ್ತಾರೆ. ವರ್ಷಾನುಗಟ್ಟಲೆ ತಿಕ್ಕಿ ತಿಕ್ಕಿ ಆ ದುಂಡು ಕೊಳವೆ ಸವೆದು ಮೊಟ್ಟೆಯ ಹಾಗಾಗುತ್ತದೆ. ಆಗ ಎಂಜಿನ್ ಆಯಿಲ್ ಕುಡಿಯುತ್ತದೆ, ಹಿಂದೆ ನೀಲಿ ಹೊಗೆ ಬಿಡುತ್ತದೆ, ಘಾಟಿ ಏರುವಾಗ ಉಸಿರು ಕಟ್ಟುತ್ತದೆ. ಎಂಜಿನ್ ಇಳಿಸಿ ಬ್ಲಾಕನ್ನು ಶಿವಮೊಗ್ಗಕ್ಕೋ ಮಂಗಳೂರಿಗೋ ಬೋರಿಂಗ್ ಮೆಷಿನ್ ಇದ್ದಲ್ಲಿಗೆ ಕಳಿಸಿ ಕೊಳವೆಯನ್ನು ಮತ್ತೆ ದುಂಡಗೆ ಕೊರೆಸುತ್ತಿದ್ದರು. ಕೊರೆದಾಗ ಕೊಳವೆ ಕೂದಲೆಳೆಯಷ್ಟು ದೊಡ್ಡದಾಗುತ್ತದಲ್ಲ, ಅದಕ್ಕೆ ಅಷ್ಟೇ ದೊಡ್ಡ ಪಿಸ್ಟನ್ ಬೇಕು. ಅಂಗುಲದ ಸಾವಿರದ ಇಪ್ಪತ್ತು ಭಾಗ ದೊಡ್ಡದಕ್ಕೆ 'ಟ್ವೆಂಟಿ', ನಲವತ್ತಕ್ಕೆ 'ಫಾರ್ಟಿ'. ಅಲ್ಲಿಗೆ ಕೊರೆಯುವ ಜಾಗ ಮುಗಿಯಿತು. ಮುಗಿದರೂ ಬಿಡುತ್ತಿರಲಿಲ್ಲ, ಒಳಗೆ ಹೊಸ ಕೊಳವೆ ತುರುಕಿ ಮತ್ತೆ ಒಂದನೆಯ ಅಳತೆಯಿಂದ ಶುರು. ಕಾರಿಗೆ ಪುನರ್ಜನ್ಮ ಎಂದು ಯಾರಾದರೂ ಹೇಳಿದರೆ ಅದು ಬರೀ ಮಾತಲ್ಲ.

ಉಳಿದ ಅಂಗಗಳೂ ಹಾಗೇ. ಹಿಂದೆ ಎತ್ತಿನ ಗಾಡಿಯ ಕಮಾನಿನಂಥ ಪ್ಲೇಟುಗಳು, ಒಂದು ಮುರಿದರೆ ಕುಲುಮೆಯಲ್ಲಿ ಇನ್ನೊಂದು. ಮುಂದಿನ ಚಕ್ರದ ಕೀಲುಗಳಿಗೆ ತಿಂಗಳಿಗೊಮ್ಮೆ ಗ್ರೀಸ್ ಹೊಡೆಯಬೇಕು, ಹೊಡೆಯದಿದ್ದರೆ ಸ್ಟೇರಿಂಗ್ ಕಬ್ಬಿಣದ ಕಡಲೆ. ಬ್ಯಾಟರಿ ಸತ್ತರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವುದು. ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹೊಸದು ಸಿಗದಿದ್ದರೆ ಶಿವಾಜಿನಗರದ ಗುಜರಿ. ಮಾದರಿ ಬದಲಾದಂತೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾಯಿತು, ಮುಂದಿನ ಗ್ರಿಲ್ ಬದಲಾಯಿತು, ಒಳಗಿನ ಯಂತ್ರ ಹೆಚ್ಚು ಬದಲಾಗಲಿಲ್ಲ. ಇದನ್ನು ಕಂಪನಿಯ ಸೋಮಾರಿತನ ಎಂದು ಪೇಟೆಯವರು ಬೈದರು. ಬೈಗುಳ ಸರಿಯೇ. ಆದರೆ ಹಳ್ಳಿಯ ಮೇಸ್ತ್ರಿಗೆ ಅದರಿಂದ ಆದ ಉಪಕಾರ ದೊಡ್ಡದು. ಇಪ್ಪತ್ತರ ಹರೆಯದಲ್ಲಿ ಕಲಿತ ಕೆಲಸ ಅರವತ್ತರವರೆಗೂ ಅನ್ನ ಹಾಕಿತು.

ಕರಾವಳಿ, ಮಲೆನಾಡಿನಲ್ಲಿ ಅಂಬಾಸಿಡರ್ ಮನೆಯ ಕಾರಿಗಿಂತ ಹೆಚ್ಚಾಗಿ ಊರಿನ ಕಾರು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಬಸ್ಸು ಹೋಗದ ರಸ್ತೆಗಳಲ್ಲಿ 'ಸರ್ವಿಸ್' ಹೊಡೆಯುತ್ತಿದ್ದದ್ದು ಇದೇ. ಮುಂದಿನ ಸೀಟು ಬೆಂಚಿನ ಹಾಗೆ ಉದ್ದ, ಗೇರಿನ ಕೋಲು ಸ್ಟೇರಿಂಗ್ ಪಕ್ಕ ಇದ್ದುದರಿಂದ ನಡುವೆ ಅಡ್ಡಿಯಿಲ್ಲ. ಡ್ರೈವರ್ ಅರ್ಧ ಬಾಗಿಲಿಗೆ ಆತುಕೊಂಡು ಕೂತರೆ ಮುಂದೆಯೇ ನಾಲ್ಕು ಜನ, ಹಿಂದೆ ಎಷ್ಟು ಜನ ಎಂದು ಲೆಕ್ಕ ಇಟ್ಟವರಿಲ್ಲ. ಹೆರಿಗೆ ನೋವು ಬಂದರೆ ಅದೇ ಕಾರು, ಮದುವೆಗೆ ಹೂವು ಕಟ್ಟಿದ್ದೂ ಅದೇ ಕಾರು. ಪೆಟ್ರೋಲ್ ದುಬಾರಿಯಾದಾಗ ಕೆಲವರು ಎಂಜಿನ್ನೇ ಕಿತ್ತು ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಒಂದು ಕಾರಿನ ಮೈ, ಇನ್ನೊಂದು ಗಾಡಿಯ ಹೃದಯ. ಇವತ್ತು ಹಾಗೆ ಮಾಡಲು ಹೋದರೆ ಆರ್‌ಟಿಓ ಕಚೇರಿಯ ಮೆಟ್ಟಿಲು ಸವೆಸಬೇಕು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಬೆಲೆ 50,000 ರೂಪಾಯಿಯ ಆಸುಪಾಸು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ನೋಡಿ ಅಂಬಾಸಿಡರ್ ಮೇಸ್ತ್ರಿಗಳು ನಕ್ಕರಂತೆ, ಇದು ಹೊಲಿಗೆ ಮೆಷಿನ್ ಎಂದು. ಆ ಹೊಲಿಗೆ ಮೆಷಿನ್ 30 ವರ್ಷದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮರುವರ್ಷ ಬಂದ ಮಾರುತಿ ವ್ಯಾನೇ ನಮಗೆಲ್ಲ ಗೊತ್ತಿರುವ ಓಮ್ನಿ. ಅದರಲ್ಲೂ ಅದೇ 796 ಸಿಸಿ ಎಂಜಿನ್. ಹಾಲಿನ ಕ್ಯಾನು, ಅಡಿಕೆ ಚೀಲ, ಶಾಲೆ ಮಕ್ಕಳು ಎಲ್ಲದಕ್ಕೂ ಒಂದೇ ಗಾಡಿ.

ಹಳೇ ಕಾರಿದ್ದವರಿಗೆ ಮುಂದೇನು ಎಂಬ ಪ್ರಶ್ನೆಗೆ ಮೊದಲ ಸಲ ಉತ್ತರ ಸಿಕ್ಕಿದ್ದು ಆಗ. ಎರಡನೇ ಬೋರ್‌ಗೆ ಖರ್ಚು ಮಾಡುವುದೋ, ಅದನ್ನೇ ಮುಂಗಡ ಕಟ್ಟಿ ಮಾರುತಿ ತರುವುದೋ ಎಂದು ಮನೆಗಳಲ್ಲಿ ಚರ್ಚೆಯಾಯಿತು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಮಾರುತ್ತಿದ್ದ ಅಂಬಾಸಿಡರ್, 2014ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಮಾರಿದ್ದು ಸುಮಾರು 2,200. ಆ ಮೇ ತಿಂಗಳಲ್ಲಿ ಉತ್ತರಪಾರಾದ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪೂಜೊ ಕಂಪನಿ 80 ಕೋಟಿಗೆ ಕೊಂಡಿತು. ಅಂಬಾಸಿಡರ್ ಕೊಂದ ಮಾರುತಿ 800 ಕೂಡ ಅದೇ 2014ರ ಜನವರಿಯಲ್ಲಿ ಕಾರ್ಖಾನೆಯಿಂದ ಕೊನೆಯದಾಗಿ ಹೊರಬಂತು. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಹೊಗೆ ನಿಯಮದಿಂದಾಗಿ ಅದರ ಮಾರಾಟ 2010ರಲ್ಲೇ ನಿಂತಿತ್ತು, ಕೊನೆಯ ನಾಲ್ಕು ವರ್ಷ ಅದು ನಮ್ಮಂಥ ಕಡೆಗಳದ್ದೇ ಕಾರು. ಹೊಸ ಸುರಕ್ಷತಾ ನಿಯಮಕ್ಕೆ ಹೊಂದಲಾಗದೆ ಓಮ್ನಿ 2019ರಲ್ಲಿ ನಿಂತಿತು.

ಇಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. 2000ದ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು, ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಎಂದು ಕಂಪ್ಯೂಟರ್ ಲೆಕ್ಕ ಹಾಕತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಆಗುವ ತಲೆನೋವು ತಪ್ಪಿತು, ಮೈಲೇಜ್ ಹೆಚ್ಚಿತು, ಹೊಗೆ ಕಡಿಮೆಯಾಯಿತು. ಆದರೆ ಕಿವಿಯಿಂದ ರೋಗ ಹಿಡಿಯುತ್ತಿದ್ದ ಮೇಸ್ತ್ರಿಗೆ ಸ್ಕ್ಯಾನರ್ ಬೇಕಾಯಿತು. ಸ್ಕ್ಯಾನರ್ ಕೊಂಡವರು ಉಳಿದರು. ಕೊಳ್ಳಲಾಗದವರು ಪಂಚರ್ ಅಂಗಡಿ ಹಾಕಿದರು, ಇಲ್ಲವೇ ಪವರ್ ಟಿಲ್ಲರ್, ಕಳೆ ಕೊಚ್ಚುವ ಮೆಷಿನ್ ರಿಪೇರಿಗೆ ಇಳಿದರು. ನಮ್ಮ ತಾಲ್ಲೂಕಿನಲ್ಲಿ ಈ ಎರಡೂ ಬಗೆಯವರಿದ್ದಾರೆ.

ಇನ್ನು ಕಾಗದದ ವಿಷಯ. ಹದಿನೈದು ವರ್ಷ ಎಂಬುದು ಈಗ ಹುಟ್ಟಿದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ: ಬಿಳಿ ಬೋರ್ಡಿನ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಅಂದರೆ ಹದಿನೈದು ಎನ್ನುವುದು ಕೊನೆಯಲ್ಲ, ಒಮ್ಮೆ ತೋರಿಸಿ ಬನ್ನಿ ಎನ್ನುವ ಗಡುವು. ಹಾಗಾದರೆ ಸರ್ಕಾರ ಎಳೆದುಕೊಂಡು ಹೋಗುತ್ತದೆ ಎಂಬ ಮಾತು ಎಲ್ಲಿಂದ ಬಂತು? ದೆಹಲಿಯಿಂದ. ಅಲ್ಲಿಯ ಹೊಗೆ ತಡೆಯಲಾಗದೆ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ, ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಗಾಡಿಗಳನ್ನು ರಸ್ತೆಗೆ ಬಿಡಬಾರದು ಎಂದವು. ಆ ಆದೇಶದ ಮೇಲೂ ಆಮೇಲೆ ವಾದ ನಡೆದಿದೆ. ಅದು ದೆಹಲಿಯ ಮಾತು. ತೀರ್ಥಹಳ್ಳಿಗೂ ಸಿರ್ಸಿಗೂ ಅನ್ವಯಿಸುವುದಿಲ್ಲ. ಇನ್ನೊಂದು ಗೊಂದಲ ಸರ್ಕಾರಿ ಜೀಪುಗಳಿಂದ ಬಂದದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವುದಿಲ್ಲ. ತಾಲ್ಲೂಕು ಕಚೇರಿ ಹಿಂದೆ ಸಾಲಾಗಿ ನಿಂತ ಜೀಪು ನೋಡಿದವರು ತಮ್ಮ ಮನೆ ಓಮ್ನಿಗೂ ಅದೇ ಗತಿ ಎಂದುಕೊಂಡರು.

ಹೆದರಿಕೆ ಬೇಡ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. 2021ರಲ್ಲಿ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 5,000 ಆಯಿತು. ತಡ ಮಾಡಿದರೆ ತಿಂಗಳಿಗೆ 500 ಹೆಚ್ಚುವರಿ. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಎಂದು ಮತ್ತೊಂದು ಆದೇಶ. ಇದರ ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ, ಇನ್ಶೂರೆನ್ಸ್, ಹೊಗೆ ತಪಾಸಣೆ ಬೇರೆ. ಸರ್ಕಾರ ಕಾರು ಎಳೆದುಕೊಂಡು ಹೋಗುವುದಿಲ್ಲ, ನಾವೇ ತಳ್ಳಿಕೊಂಡು ಹೋಗಿ ಕೊಡುವಂತೆ ಮಾಡುತ್ತಿದೆ ಎಂದರೆ ಹೆಚ್ಚು ಸರಿ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡುವ ಹಳ್ಳಿ ಕಾರಿಗೂ, ದಿನವೂ ಟ್ರಾಫಿಕ್ಕಿನಲ್ಲಿ ಹೊಗೆ ಬಿಡುವ ಪೇಟೆ ಕಾರಿಗೂ ಒಂದೇ ಅಳತೆಗೋಲು ಹಿಡಿದದ್ದು ನಮಗೆ ನ್ಯಾಯವಾಗಿ ಕಾಣುವುದಿಲ್ಲ.

ಆದರೂ ಕಾಗದವನ್ನು ಬೈದು ಸುಮ್ಮನಾಗಲು ಆಗುವುದಿಲ್ಲ ಎಂದು ಗೊತ್ತಾದದ್ದು ಪಕ್ಕದ ಊರಿನ ಗ್ಯಾರೇಜಿನಲ್ಲಿ. ಅಡಿಕೆ ತೋಟದ ಹಿರಿಯರೊಬ್ಬರು ತಮ್ಮ 2005ರ ಮಾರುತಿ 800 ತಂದಿದ್ದರು. ಒಮ್ಮೆ ನವೀಕರಣ ಆಗಿ, ಆ ಐದು ವರ್ಷವೂ ಮುಗಿದಿತ್ತು. ಬ್ರೋಕರ್ ಮನೆಗೇ ಬಂದು ರೇಟು ಹೇಳಿ ಹೋಗಿದ್ದ.

"ಎಂಜಿನ್ ಹೆಂಗಿದೆ ಮೇಸ್ತ್ರಿ?"

"ಎಂಜಿನ್ನಿಗೆ ಏನೂ ಆಗ್ಲಿಲ್ಲ ಭಟ್ರೇ. ಇನ್ನೂ ಹತ್ತು ವರ್ಷ ಓಡ್ತದೆ."

"ಮತ್ತೆ ಹತ್ತು ಸಾವಿರ ಕಟ್ಟಿ ಇಟ್ಕಂಡ್ರೆ ಆಯ್ತಲ್ಲ ಮಾರಾಯ?"

ಮೇಸ್ತ್ರಿ ಉತ್ತರ ಹೇಳಲಿಲ್ಲ. ಚೀಲ ಹಾಸಿ ಕಾರಿನ ಅಡಿ ನುಸುಳಿ, ಸ್ಕ್ರೂಡ್ರೈವರಿನಿಂದ ತಳದ ತಗಡನ್ನು ಕುಟ್ಟುತ್ತಾ ಬಂದರು. ಟಣ್ ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ದಪ್ ಎಂದಿತು. ಒತ್ತಿದರು. ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಹಿಂದಿನ ಚಕ್ರದ ಸಸ್ಪೆನ್ಷನ್ ಬೋಲ್ಟ್ ಹಿಡಿದುಕೊಳ್ಳುವ ಜಾಗ ಅದು.

"ಕಾಲು ಇಡೋ ಕಡೆ ತೂತಾಗಿದ್ರೆ ತುಂಡು ಹಾಕಿ ವೆಲ್ಡ್ ಮಾಡಿ ಕೊಡ್ತಿದ್ದೆ. ಇಲ್ಲಿ ಮಾಡಬಾರ್ದು ಭಟ್ರೇ. ಘಾಟಿಯಲ್ಲಿ ಬಿಟ್ಟುಕೊಂಡ್ರೆ? ಇನ್ನೊಂದು ಮಳೆಗಾಲ ಬೇಡ."

ನಮ್ಮ ಕಡೆ ಕಾರನ್ನು ಕೊಲ್ಲುವುದು ಕಿಲೋಮೀಟರ್ ಅಲ್ಲ, ಮಳೆ. ಚಿತ್ರದುರ್ಗ, ಬಳ್ಳಾರಿಯ ಒಣ ಹವೆಯಲ್ಲಿ ಇಪ್ಪತ್ತೈದು ವರ್ಷ ನಿಲ್ಲುವ ತಗಡು, ಕೊಟ್ಟಿಗೆ ಪಕ್ಕ ಒದ್ದೆ ನೆಲದಲ್ಲಿ ನಿಂತರೆ ಹದಿನೈದಕ್ಕೇ ಹಪ್ಪಳವಾಗುತ್ತದೆ. ನಿಮ್ಮ ಕಾರು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆ ಬಂದರೆ ಶುಲ್ಕದ ಲೆಕ್ಕಕ್ಕೆ ಮೊದಲು ತಳ ನೋಡಿಸಿ. ತಳ ಗಟ್ಟಿಯಿದ್ದರೆ 10,000 ಕಟ್ಟಿದರೂ ಐದು ವರ್ಷಕ್ಕೆ ಹಂಚಿದಾಗ ವರ್ಷಕ್ಕೆ ಎರಡೇ ಸಾವಿರ. ತಳ ಹೋಗಿದ್ದರೆ 600 ಇದ್ದ ಕಾಲದಲ್ಲೂ ಅದು ದುಬಾರಿಯೇ. ಬಿಡುವುದಾದರೆ ಆರ್‌ಸಿ ರದ್ದು ಮಾಡಿಸದೆ ಮಾತ್ರ ಕೊಡಬೇಡಿ. ಆ ನಂಬರಿನಲ್ಲಿ ಮುಂದೆ ಯಾರು ಏನು ಮಾಡಿದರೂ ಕಾಗದದ ಪ್ರಕಾರ ಮಾಲೀಕರು ನೀವೇ. ಸರ್ಕಾರ ಒಪ್ಪಿದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಸರ್ಟಿಫಿಕೇಟ್ ಸಿಗುತ್ತದೆ, ಅದನ್ನು ತೋರಿಸಿದರೆ ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ 25%ವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ.

ಮುಂದೆ ಯಾವುದು? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದಿದೆ, ಹೊಸದು ಕೊಳ್ಳುವವರಿಗೆ ಅದು ಸಣ್ಣ ಮಾತಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಮೇಸ್ತ್ರಿಗಳು ಹಳೆಯ ಆಲ್ಟೊ ಎನ್ನುತ್ತಾರೆ. 800, ಓಮ್ನಿ, ಆಲ್ಟೊ ಒಂದೇ ಎಂಜಿನ್ ಕುಟುಂಬದವು, ಗೊತ್ತಿರುವ ಕೈ, ಸಿಗುವ ಬಿಡಿಭಾಗ.

ಕರೆಂಟ್ ಕಾರಿನ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರಲ್ಲೂ ನಮ್ಮ ರಾಜ್ಯಕ್ಕೆ ಚರಿತ್ರೆ ಇದೆ. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ರಸ್ತೆಗಿಳಿದಿತ್ತು, ಲಂಡನ್ನಿನಲ್ಲೂ ಓಡಿತು, 2010ರಲ್ಲಿ ಮಹೀಂದ್ರಾ ಕಂಪನಿಯ ಪಾಲಾಯಿತು. ಮೊದಲ ರೇವಾಗಳಲ್ಲಿ ಇದ್ದದ್ದು ಎಂಟು ಲೆಡ್ ಬ್ಯಾಟರಿ. ಮನೆಯ ಯುಪಿಎಸ್ ಇಟ್ಟುಕೊಂಡವರಿಗೆ ಗೊತ್ತು, ಆ ಬ್ಯಾಟರಿ ಕೆಲವೇ ವರ್ಷದ್ದು. ಮೋಟಾರು ಚೆನ್ನಾಗಿದ್ದರೂ ಬ್ಯಾಟರಿ ಸತ್ತ ರೇವಾ ಮನೆ ಮುಂದಿನ ಪೆಟ್ಟಿಗೆ. ಈಗಿನ ಲಿಥಿಯಂ ಬ್ಯಾಟರಿ ಬೇರೆ ಜಾತಿ, ಕಂಪನಿಗಳು ಸಾಮಾನ್ಯವಾಗಿ ಎಂಟು ವರ್ಷದ ವಾರಂಟಿ ಕೊಡುತ್ತವೆ. ಹೊಸದಾಗಿ ಕೊಂಡು, ಮನೆಯಲ್ಲೇ ಚಾರ್ಜ್ ಮಾಡಿ, ದಿನವೂ ಪೇಟೆಗೆ ಹೋಗಿ ಬರುವವರಿಗೆ ಒಳ್ಳೆಯದೇ. ಆದರೆ ವಾರಂಟಿ ಮುಗಿಯುತ್ತಾ ಬಂದ ಹಳೇ ಕರೆಂಟ್ ಕಾರನ್ನು ಅಗ್ಗ ಎಂದು ತರುವವರು, ಬ್ಯಾಟರಿ ಬದಲಿಸಲು ಎಷ್ಟು ಎಂದು ಮೊದಲು ಕೇಳಿಕೊಳ್ಳಿ. ಅಲ್ಲಿ ಎರಡನೇ ಬೋರ್ ಎಂಬುದಿಲ್ಲ.

ಭಟ್ಟರು ಬ್ರೋಕರನಿಗೆ ಫೋನ್ ಮಾಡಿ ಬೇಡ ಎಂದರು. 800 ಈಗ ಕೊಟ್ಟಿಗೆ ಪಕ್ಕ ನಿಂತಿದೆ, ಕಾಗದ ರದ್ದಾಗುವವರೆಗೆ. ಮೊನ್ನೆ ಸಾಗರದ ಕಡೆ ಒಂದು ಆಲ್ಟೊ ಇದೆ ಎಂದು ಯಾರೋ ಹೇಳಿದರು. ಬೆಳಿಗ್ಗೆ ಬಸ್ಸಿಗೆ ಮೇಸ್ತ್ರಿಯನ್ನೂ ಕರೆದುಕೊಂಡು ಹೊರಟರು. ಮಾರುವವರು ಬಾನೆಟ್ ತೆಗೆದು, ಎಂಜಿನ್ ಕೇಳಿ ಎಂದು ಸ್ಟಾರ್ಟ್ ಮಾಡಲು ಹೋದರಂತೆ. ಮೇಸ್ತ್ರಿ ಬೇಡ ಎಂದು ಕೈ ಮಾಡಿ, ತಂದಿದ್ದ ಗೋಣಿ ಚೀಲ ನೆಲಕ್ಕೆ ಹಾಸಿದರು.